ಆಲಿಕಲ್ಲು ಬಿದ್ದ ಮನೆಯ ಎರಡು ಕೋಣೆ

ಆಲಿಕಲ್ಲು ಬಿದ್ದದ್ದು ಹನ್ನೆರಡೇ ನಿಮಿಷ. ಅಷ್ಟರಲ್ಲಿ ಹಳೇಬೀಡಿನ ಕೆರೆ ಪಕ್ಕದ ಬಡಾವಣೆಯವರು ತಮಗೆ ಗೊತ್ತಿದ್ದ ದೇವರನ್ನೆಲ್ಲ ಕರೆದು ಮುಗಿಸಿ, ಗೊತ್ತಿಲ್ಲದ ದೇವರನ್ನೂ ಕರೆಯಲು ಶುರುಮಾಡಿದ್ದರು. ಮೊದಲು ನೆಲ್ಲಿಕಾಯಿ ಗಾತ್ರದವು ಬಂದವು. ಮಕ್ಕಳು ಪಾತ್ರೆ ಹಿಡಿದು ಅಂಗಳಕ್ಕೆ ಓಡಿದರು. ಹಿಂದೆಯೇ ನಿಂಬೆಹಣ್ಣಿನ ಗಾತ್ರದವು ಬಂದವು. ಮಕ್ಕಳು ಅದೇ ಪಾತ್ರೆ ತಲೆಗೆ ಬೋರಲು ಹಾಕಿಕೊಂಡು ಒಳಗೆ ಓಡಿದರು.

ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ನಟರಾಜ ಆ ಹನ್ನೆರಡು ನಿಮಿಷವನ್ನೂ ಹೆಂಡತಿ ಆಶಾರಾಣಿಯ ಜೊತೆ ಊಟದ ಮೇಜಿನ ಕೆಳಗೆ ಕಳೆದ. ಸದ್ದು ನಿಂತ ಮೇಲೆ ಇಬ್ಬರೂ ಮಹಡಿ ಹತ್ತಿದರು. ನಟರಾಜ ಪಡುವಣ ಕೋಣೆಯ ಬಾಗಿಲು ತೆಗೆದವನು ಹಾಗೇ ನಿಂತುಬಿಟ್ಟ. ಕೋಣೆಯೊಳಗಿಂದ ಆಕಾಶ ಕಾಣುತ್ತಿತ್ತು.

ಮಹಡಿಯಲ್ಲಿ ಇದ್ದದ್ದು ಎರಡೇ ಕೋಣೆ. ಗುಡಿ ನೋಡಲು ಬರುವ ಪ್ರವಾಸಿಗರು ಬಂದು ತಂಗಲಿ, ಒಂದು ಹೋಂಸ್ಟೇ ನಡೆಸೋಣ ಎಂದು ಆಶಾರಾಣಿ ಖಾಸಗಿ ಶಾಲೆಯ ಕೆಲಸ ಬಿಟ್ಟು, ಎರಡು ವರ್ಷ ಗಾರೆಯವರ ಬೆನ್ನು ಬಿದ್ದು ಕಟ್ಟಿಸಿದ ಕೋಣೆಗಳು. ಮೂಡಣ ಕೋಣೆಗೆ ತಾರಸಿ. ಪಡುವಣ ಕೋಣೆಗೆ ಮಾತ್ರ, ಪಟ್ಟಣದವರಿಗೆ ಹಳ್ಳಿಮನೆಯ ರುಚಿ ಸಿಗಲಿ ಎಂದು, ಹಗರೆ ಕಡೆಯ ಹಳೇ ಮನೆಯೊಂದರಿಂದ ಆಯ್ದು ತಂದ ನಾಡಹೆಂಚು. ತಾರಸಿಯ ಮೇಲೆ ಬಿದ್ದ ಆಲಿಕಲ್ಲು ಪುಟಿದು ಆಚೆ ಹೋಗಿತ್ತು. ಹೆಂಚಿನ ಮೇಲೆ ಬಿದ್ದದ್ದು ನೆಟ್ಟಗೆ ಒಳಗೆ ಬಂದು, ಹೋಂಸ್ಟೇಯ ಮೊದಲ ಅತಿಥಿಯ ಹಾಗೆ, ಹೊಸ ಹಾಸಿಗೆಯ ಮೇಲೆ ಆರಾಮಾಗಿ ಮಲಗಿತ್ತು.

ಆಶಾರಾಣಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅವಳ ಬಾಯಿಂದ ಮಾತೇ ಹೊರಡಲಿಲ್ಲ. ಹದಿನೆಂಟು ವರ್ಷದ ಸಂಸಾರದಲ್ಲಿ ಅಂಥದ್ದನ್ನು ನೋಡಿರದಿದ್ದ ನಟರಾಜನಿಗೆ ಸೂರು ಹೋದದ್ದಕ್ಕಿಂತ ಅದೇ ಹೆಚ್ಚು ಗಾಬರಿ ತಂದಿತು.

ಅಷ್ಟರಲ್ಲಿ ಎದುರು ಮನೆಯ ತಿಮ್ಮಯ್ಯನವರು ಛತ್ರಿ ಹಿಡಿದು ಬಂದರು. ಪೋಸ್ಟ್‌ಮಾಸ್ಟರಾಗಿ ನಿವೃತ್ತರಾಗಿ ಎಂಟು ವರ್ಷವಾಗಿದ್ದರೂ ಊರಿನವರ ವಿಳಾಸ ಮತ್ತು ವ್ಯವಹಾರ ಎರಡನ್ನೂ ಅವರು ಇನ್ನೂ ಬಿಟ್ಟುಕೊಟ್ಟಿರಲಿಲ್ಲ.

"ಬ್ಯಾಂಕ್ ಸಾಲದಲ್ಲಿ ಕಟ್ಟಿದ ಮನೆ ಅಲ್ವೇನ್ರೀ ಇದು? ಹಾಗಿದ್ರೆ ಮನೆಗೆ ವಿಮೆ ಮಾಡ್ಸಿರ್ತಾರೆ. ನಿಮಗೆ ಗೊತ್ತಿಲ್ದೇನೇ ಮಾಡ್ಸಿರ್ತಾರೆ. ಕಾಗದ ತೆಗೀರಿ!"

ಕಾಗದ ತೆಗೆದರು. ಸಾಲದ ಪತ್ರಗಳ ಕಟ್ಟಿನ ತಳದಲ್ಲಿ, ಐದು ವರ್ಷದಿಂದ ಯಾರೂ ಮುಟ್ಟದ ಒಂದು ವಿಮೆ ಪಾಲಿಸಿ ನಿಜಕ್ಕೂ ಸಿಕ್ಕಿತು. ಬಿರುಗಾಳಿ, ನೆರೆ, ಆಲಿಕಲ್ಲು ಎಲ್ಲ ಅದರಲ್ಲಿ ಬರೆದಿತ್ತು. ನಟರಾಜ ಆ ಸಂಜೆಯೇ ವಿಮೆ ಕಂಪನಿಗೆ ಫೋನು ಮಾಡಿ ನಷ್ಟ ಬರೆಸಿದ.

ಮಾರನೇ ದಿನ ಬೆಳಗ್ಗೆ ಎಂಟಕ್ಕೆ ಅವನ ಫೋನು ಬಡಿದುಕೊಂಡಿತು.

"ನಾನು ಲಕ್ಷ್ಮೀಶ, ವಿಮೆ ಕಡೆಯ ಸರ್ವೇಯರ್, ಹಾಸನದಿಂದ. ಹನ್ನೊಂದಕ್ಕೆ ಬರ್ತೀನಿ. ಅಲ್ಲೀವರೆಗೂ ಏನೂ ಗುಡಿಸ್ಬೇಡಿ. ಮೊದಲು ಫೋಟೋ ತೆಗೀರಿ. ಆಮೇಲೆ ಮತ್ತೆ ಮಳೆ ಬಂದ್ರೆ ಒಳಗೆ ನೀರಿಳೀದ ಹಾಗೆ ಟಾರ್ಪಾಲು ಮುಚ್ಚಿ. ಒಡೆದ ಹೆಂಚು ಬಿಸಾಡ್ಬೇಡಿ. ರಿಪೇರಿ ಮಾಡ್ತೀವಿ ಅಂತ ಯಾರಾದ್ರೂ ಬಾಗಿಲಿಗೆ ಬಂದ್ರೆ ಅಡ್ವಾನ್ಸ್ ಕೊಡೋಕೆ ಹೋಗ್ಬೇಡಿ."

"ಹೌದು ಸರ್, ಸರಿ ಸರ್," ಎಂದ ನಟರಾಜ ಕಿಟಕಿಯಿಂದ ನೋಡಿದ. ಗೇಟಿನ ಹತ್ತಿರ ಅಂಥವರು ಇಬ್ಬರು ಆಗಲೇ ಬಂದು ನಿಂತು, ಅವನನ್ನೇ ನೋಡಿ ನಗುತ್ತಿದ್ದರು.

ಹತ್ತು ನಿಮಿಷಕ್ಕೆ ಇನ್ನೊಂದು ಕರೆ. ಈ ಸಲ ಹೆಣ್ಣು ದನಿ. "ಪ್ರವಾಸೋದ್ಯಮ ಇಲಾಖೆಯಿಂದ ಅಕ್ಷತಾ ಅಂತ. ನಿಮ್ಮ ಮನೆಯವರು ಹೋಂಸ್ಟೇಗೆ ಅರ್ಜಿ ಹಾಕಿದಾರಲ್ಲ, ಇವತ್ತು ಮೂರು ಗಂಟೆಗೆ ನೋಡೋಕೆ ಬರ್ತಿದೀನಿ. ಇವತ್ತು ತಪ್ಪಿದ್ರೆ ಇನ್ನು ಮಳೆಗಾಲ ಕಳೆದ ಮೇಲೇನೇ. ಎರಡೂ ಕೋಣೆ ರೆಡಿ ಇದೆ ತಾನೇ?"

"ಹೌದು ಮೇಡಂ," ಎಂದ ನಟರಾಜ.

ನಟರಾಜನಿಗೆ ಹುಟ್ಟಿನಿಂದ ಬಂದ ತೊಂದರೆ ಇದೊಂದೇ. ಯಾರು ಏನು ಹೇಳಿದರೂ ಅವನಿಗೆ ಸರಿ ಎನಿಸುತ್ತಿತ್ತು. ಕೊನೆಗೆ ಮಾತಾಡಿದವರದು ಇನ್ನೂ ಸರಿ ಎನಿಸುತ್ತಿತ್ತು.

"ಹೌದು ಅಂದ್ರಾ?" ಆಶಾರಾಣಿ ಸೌಟು ಹಿಡಿದೇ ಅಡುಗೆಮನೆಯಿಂದ ಬಂದಳು. "ಏಳು ತಿಂಗಳಿಂದ ನಾನು ಕಾಯ್ತಿರೋ ಇನ್ಸ್‌ಪೆಕ್ಷನ್ ಕಣ್ರೀ ಅದು! ಸೂರಿಲ್ದಿರೋ ಕೋಣೆ ತೋರಿಸಿ, ಮೇಡಂ, ರಾತ್ರಿ ನಕ್ಷತ್ರ ಚೆನ್ನಾಗಿ ಕಾಣುತ್ತೆ ಅನ್ಲಾ?"

ಅಡುಗೆಮನೆಯಲ್ಲಿ ಸಭೆ ಸೇರಿತು. ತಿಮ್ಮಯ್ಯನವರು ಕರೆಯುವ ಮೊದಲೇ ಬಂದಿದ್ದರು. ಹಿತ್ತಲ ಮನೆಯ ಚಲುವಮ್ಮ ಹಾಲು ಕೊಡಲು ಬಂದವಳು ಹೊಸಲಿನ ಮೇಲೆ ಕೂತುಬಿಟ್ಟಳು.

"ಇಬ್ಬರಿಗೂ ಇದ್ದದ್ದನ್ನ ಇದ್ದ ಹಾಗೆ ಹೇಳಿದ್ರೆ ಆಗಲ್ವಾ?" ಎಂದ ನಟರಾಜ. ಅವನ ಜೀವನದಲ್ಲಿ ಅಪರೂಪಕ್ಕೆ ಬಂದ ಸ್ವಂತ ಯೋಚನೆ ಅದು.

ಮೂವರೂ ಅವನನ್ನು ಜ್ವರ ಬಂದವನನ್ನು ನೋಡುವ ಹಾಗೆ ನೋಡಿದರು.

"ಮೇಷ್ಟ್ರೇ, ನೀವು ಆನೆ ಕುದುರೆ ಬರೆಯೋದರಲ್ಲಿ ಗಟ್ಟಿಗರು. ವ್ಯವಹಾರ ನನಗೆ ಬಿಡಿ," ಎಂದರು ತಿಮ್ಮಯ್ಯ. "ಸರ್ವೇಯರಿಗೆ ಒಂದು ಕೋಣೆ ಹೋಯ್ತು ಅಂದ್ರೆ ಸಣ್ಣ ನಷ್ಟ ಅಂತ ತಳ್ಳಿಹಾಕ್ತಾನೆ. ಕಣಕಟ್ಟೇಲಿ ನಮ್ಮ ಷಡ್ಡಕನಿಗೆ ಹೀಗೇ ಆಯ್ತು. ಎರಡೂ ಕೋಣೆ ಹೋಯ್ತು ಅನ್ಬೇಕು."

"ಆದ್ರೆ ಒಂದು ಚೆನ್ನಾಗೇ ಇದೆಯಲ್ಲ ಸಾರ್?"

"ಅದನ್ನ ತೋರಿಸ್ಬೇಡಿ. ಹಾಳಾಗಿರೋದನ್ನೇ ಎರಡು ಸಲ ತೋರಿಸಿ."

ಆಶಾರಾಣಿಯ ಕಣ್ಣು ಥಟ್ಟನೆ ಅಗಲವಾದವು. "ಹಾಗಾದ್ರೆ, ಚೆನ್ನಾಗಿರೋದನ್ನೇ ಮೇಡಂಗೆ ಎರಡು ಸಲ ತೋರಿಸ್ಬೋದಲ್ವಾ?"

ತಿಮ್ಮಯ್ಯ ಕಾಫಿ ಲೋಟ ಕೆಳಗಿಟ್ಟು, ಶಿಷ್ಯೆ ತನ್ನನ್ನೂ ಮೀರಿಸಿದ್ದನ್ನು ಕಂಡ ಗುರುವಿನ ಹಾಗೆ ಅವಳಿಗೆ ಕೈಮುಗಿದರು.

ಮನೆಯೂ ಆ ಕೆಲಸಕ್ಕೆಂದೇ ಕಟ್ಟಿಸಿದಂತಿತ್ತು. ಒಂದೊಂದು ಕೋಣೆಗೂ ಎರಡೆರಡು ಬಾಗಿಲು. ಮುಂದಿನ ಬಾಗಿಲು ವರಾಂಡಕ್ಕೆ, ಹಿಂದಿನದು ಬಾಲ್ಕನಿಗೆ. ವರಾಂಡಕ್ಕೆ ಮುಂದಿನ ಅಂಗಳದಿಂದ ಮೆಟ್ಟಿಲು. ಬಾಲ್ಕನಿಗೆ ಹಿತ್ತಲಿಂದ ಕಬ್ಬಿಣದ ಸುರುಳಿ ಮೆಟ್ಟಿಲು. ಹಿಂದಿನಿಂದ ಹತ್ತಿಸಿ ಒಂದು ಸಲ, ಮುಂದಿನಿಂದ ಹತ್ತಿಸಿ ಇನ್ನೊಂದು ಸಲ. ಸುರುಳಿ ಮೆಟ್ಟಿಲಲ್ಲಿ ಮೂರು ಸುತ್ತು ತಿರುಗಿದವರಿಗೆ ಮೂಡಣ ಪಡುವಣ ಹೇಗೂ ತಿಳಿಯುತ್ತಿರಲಿಲ್ಲ. ಒಡೆದ ಸೂರು ಚಲುವಮ್ಮನ ಹಲಸಿನ ಮರದ ಮರೆಯಲ್ಲಿದ್ದು ಕೆಳಗಿನಿಂದ ಕಾಣುತ್ತಿರಲಿಲ್ಲ, ಅದೊಂದು ಪುಣ್ಯ.

"ಒಬ್ಬರು ಹನ್ನೊಂದಕ್ಕೆ, ಒಬ್ಬರು ಮೂರಕ್ಕೆ. ಮಧ್ಯೆ ನಾಲ್ಕು ಗಂಟೆ ಟೈಮಿದೆ. ಏನೂ ತೊಂದ್ರೆ ಇಲ್ಲ," ಎಂದಳು ಆಶಾರಾಣಿ.

"ನಮ್ ಕೊಟ್ಟಿಗೆ ಹೆಂಚೂ ಒಂದಿಪ್ಪತ್ತು ಒಡೆದವೆ," ಎಂದಳು ಚಲುವಮ್ಮ. "ತಂದ್ ಸುರೀಲಾ? ನೋಡಕ್ಕೆ ತುಂಬಿದಂಗಿರ್ತೈತೆ."

ನಟರಾಜನಿಗೆ ಅದೂ ಸರಿ ಎನಿಸಿತು.

ಹನ್ನೊಂದಾಯಿತು, ಸರ್ವೇಯರ್ ಬರಲಿಲ್ಲ. ಹನ್ನೆರಡಾಯಿತು, ಒಂದಾಯಿತು. ಫೋನು ಮಾಡಿದರೆ, "ಊರಲ್ಲೆಲ್ಲ ಸೂರು ಹೋಗಿದೆ ಕಣ್ರೀ, ಬರ್ತಿದೀನಿ," ಎಂಬ ಉತ್ತರ. ಆಶಾರಾಣಿ ಮೂಡಣ ಕೋಣೆಯನ್ನು ಮೂರು ಸಲ ಒರೆಸಿ, ಕೇಸರಿಬಾತು ಮಾಡಿ, ರೇಷ್ಮೆ ಸೀರೆ ಉಟ್ಟಳು. ನಟರಾಜ ಪಡುವಣ ಕೋಣೆಯಲ್ಲಿ ನಿಂತು ಏನನ್ನೂ ಮುಟ್ಟದೆ ಕಾವಲು ಕಾದ. ಎರಡೂವರೆಗೆ ಕಾವಲು ಬಿಟ್ಟು ಗೇಟಿಗೂ ಮಹಡಿಗೂ ಓಡಾಡತೊಡಗಿದ.

ಎರಡೂ ಮುಕ್ಕಾಲಿಗೆ ಸರ್ವೇಯರ್ ಲಕ್ಷ್ಮೀಶ ಗೇಟು ತೆಗೆದರು. ಸಣಕಲು ಆಳು, ತಲೆಗೆ ಟೋಪಿ, ಕೈಯಲ್ಲಿ ಅಳತೆ ಟೇಪು. ಮಾತು ಮಾತ್ರ ಬಹಳ ಕಡಿಮೆ. ನಟರಾಜ ಅವರನ್ನು ಕೂರಲೂ ಬಿಡದೆ ಹಿತ್ತಲಿಗೆ ಕರೆದೊಯ್ದು ಸುರುಳಿ ಮೆಟ್ಟಿಲು ಹತ್ತಿಸಿದ.

"ಇದು ಮೊದಲನೇ ಕೋಣೆ ಸರ್."

ಲಕ್ಷ್ಮೀಶ ಒಳಗೆ ಹೋದರು. ಸೂರು ನೋಡಿದರು. ಫೋನಿನಲ್ಲಿ ಫೋಟೋ ತೆಗೆದರು. ಪೆನ್ಸಿಲಿನ ಹಿಂಬದಿಯಿಂದ ತೊಲೆಗೆ ಟಕ್ ಟಕ್ ಎಂದು ಬಡಿದರು. ಗೋಡೆಗೆ ಟಕ್ ಟಕ್. ಕಿಟಕಿಗೆ ಟಕ್ ಟಕ್.

"ಹಾಲ್ ಬಂತು! ಮೇಷ್ಟ್ರೇ, ಹಾಲ್ ಬಂತು!" ಎಂದು ಹಿತ್ತಲಿಂದ ಚಲುವಮ್ಮ ಕಿರುಚಿದಳು.

ಮೇಡಂ ಬಂದರೆ ಹಾಗೆ ಕೂಗಬೇಕೆಂದು ಬೆಳಗ್ಗೆಯೇ ಮಾತಾಗಿತ್ತು. ಇನ್ನೂ ಮೂರಾಗಲು ಐದು ನಿಮಿಷ ಇತ್ತು. ಸರ್ಕಾರಿ ಕೆಲಸದಲ್ಲಿದ್ದವರು ಐದು ನಿಮಿಷ ಮೊದಲೇ ಬರುತ್ತಾರೆಂದು ನಟರಾಜ ಕನಸಿನಲ್ಲೂ ನೆನೆಸಿರಲಿಲ್ಲ.

"ನನಗೆ ಹಾಲು, ಕಾಫಿ ಏನೂ ಬೇಡ," ಎಂದರು ಲಕ್ಷ್ಮೀಶ.

"ಹೌದು ಸರ್. ಎರಡನೇ ಕೋಣೆ ಬೀಗದ ಕೈ ತರ್ತೀನಿ. ಅಷ್ಟರಲ್ಲಿ ನಮ್ಮ ತಿಮ್ಮಯ್ಯನವರು ನಿಮಗೆ ಹಿತ್ತಲಲ್ಲಿ ಒಡೆದ ಹೆಂಚಿನ ರಾಶಿ ತೋರಿಸ್ತಾರೆ."

ತಿಮ್ಮಯ್ಯ ಸರ್ವೇಯರನ್ನು ಸುರುಳಿ ಮೆಟ್ಟಿಲಲ್ಲಿ ಕೆಳಗಿಳಿಸಿಕೊಂಡು ಹೋದರು. ನಟರಾಜ ಒಬ್ಬನೇ ಮಂಚವನ್ನು ಎಳೆದು ಗೋಡೆಯಿಂದ ಗೋಡೆಗೆ ತಿರುಗಿಸಿ, ಒದ್ದೆ ಹಾಸಿಗೆಯನ್ನು ಮೂಲೆಗೆ ಒರಗಿಸಿ, ಕುರ್ಚಿಯನ್ನು ಬೋರಲು ಹಾಕಿದ. ನೋಡಿದರೆ ಬೇರೆಯದೇ ಹಾಳು ಕೋಣೆ. ತಲೆಯ ಮೇಲಿನ ಹೆಂಚಿನ ಪುಡಿ ಕೊಡವಿಕೊಂಡು ಮುಂದಿನ ಮೆಟ್ಟಿಲಿಂದ ಅಂಗಳಕ್ಕೆ ಇಳಿದ.

ನಡುಮನೆಯಲ್ಲಿ ಅಕ್ಷತಾ ಮೇಡಂ ಕಾಫಿ ಕುಡಿಯುತ್ತ ಕೂತಿದ್ದರು. ದುಂಡು ಮುಖ, ನಗುವ ಕಣ್ಣು, ತಲೆಯ ಮೇಲೆ ಏರಿಸಿಕೊಂಡ ತಂಪು ಕನ್ನಡಕ. "ಇವರೇನಾ ಯಜಮಾನ್ರು? ಯಾಕ್ರೀ ಇಷ್ಟು ಬೆವರಿದೀರಿ?"

"ಹೌದು ಮೇಡಂ," ಎಂದ ನಟರಾಜ.

"ನಿನ್ನೆ ಇಲ್ಲೂ ಆಲಿಕಲ್ಲು ಬಿತ್ತಂತಲ್ಲ? ನಿಮಗೇನೂ ಆಗ್ಲಿಲ್ವಾ?"

ಆ ಒಂದು ಕ್ಷಣ ನಟರಾಜನ ಬಾಯಿ ನಿಜ ಹೇಳಲೆಂದೇ ತೆರೆಯಿತು. ಆದರೆ ಆಶಾರಾಣಿಯ ಕಣ್ಣು ಅವನ ಮೇಲಿತ್ತು. "ನಮ್ಮ ಮನೆ ಮೇಲೆ ಒಂದೂ ಬೀಳ್ಲಿಲ್ಲ ಮೇಡಂ," ಎಂದಳು ಅವಳು. "ಬೀದಿ ತನಕ ಬಂದು ನಿಂತುಬಿಡ್ತು."

ಮುಂದಿನ ಮೆಟ್ಟಿಲು ಹತ್ತಿ ಮೂಡಣ ಕೋಣೆಗೆ ಹೋದರು. ನೀಲಿ ಹೊದಿಕೆಯ ಮಂಚ, ಗೋಡೆಯಲ್ಲಿ ನಟರಾಜನೇ ಬರೆದ ಆನೆಗಳ ಚಿತ್ರ, ಕಿಟಕಿಯಾಚೆ ಹೊಳೆಯುವ ಕೆರೆ. ಮೇಡಂ ಕನ್ನಡಕವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದರು. ತಾರಸಿಯ ಮೇಲೆ ನೀರು ಕಾಯಿಸುತ್ತಿದ್ದ ಸೋಲಾರಿನ ಗಾಜಿನ ಕೊಳವೆಗಳು ನಿನ್ನೆಯೇ ಚೂರಾಗಿದ್ದವು. ತಣ್ಣೀರು ಬಂತು.

"ಬಿಸಿನೀರು?"

"ಬಿಸಿನೀರನ್ನ ನಾವು ನಲ್ಲೀಲಿ ಕೊಡಲ್ಲ ಮೇಡಂ," ಎಂದಳು ಆಶಾರಾಣಿ, ಕಣ್ಣು ಮಿಟುಕಿಸದೆ. "ಸೌದೆ ಒಲೆ, ಹಂಡೆ ನೀರು. ಹಳ್ಳಿ ಪದ್ಧತಿ."

"ಅಯ್ಯೋ, ಎಷ್ಟು ಚೆನ್ನಾಗಿದೆ!" ಎಂದು ಮೇಡಂ ಫೋನಿನಲ್ಲಿ ಬರೆದುಕೊಂಡರು. "ಪಕ್ಕದ ಕೋಣೆ?"

"ಅದರ ಬಾಗಿಲು ಹಿಂದಿನಿಂದ ಮೇಡಂ. ಕೆಳಗೆ ಹೋಗಿ ಅಡುಗೆಮನೆ ನೋಡ್ಕೊಂಡು, ಕೇಸರಿಬಾತು ತಿಂದು, ಆ ಕಡೆಯಿಂದ ಹತ್ತೋಣ."

ಇತ್ತ ಮೇಡಂ ಅಡುಗೆಮನೆ ಸೇರಿದರು. ಅತ್ತ ತಿಮ್ಮಯ್ಯ ಸರ್ವೇಯರನ್ನು ಮನೆಯ ಪಕ್ಕದ ಓಣಿಯಿಂದ ಮುಂದಿನ ಅಂಗಳಕ್ಕೆ ತಂದರು. ಮೇಲೆ ಚಲುವಮ್ಮ ಮೂಡಣ ಕೋಣೆಗೆ ನುಗ್ಗಿ ನೀಲಿ ಹೊದಿಕೆ ಕಿತ್ತು ಕೆಂಪು ಹೊದಿಕೆ ಹಾಸಿದಳು; ಆನೆಗಳನ್ನು ಇಳಿಸಿ ಕೆರೆಯ ಚಿತ್ರ ನೇತುಹಾಕಿದಳು. ನಟರಾಜ ಮಾತ್ರ ಎಲ್ಲ ಕಡೆ ಇರಬೇಕಿತ್ತು. ಅವನು ಗಾಣದ ಎತ್ತಿನ ಹಾಗೆ ಮನೆ ಸುತ್ತಿದ.

"ಇದು ಎರಡನೇ ಕೋಣೆ ಸರ್," ಎಂದು ಏದುಸಿರು ಬಿಡುತ್ತ, ವರಾಂಡದ ಕಡೆಯಿಂದ ಪಡುವಣ ಕೋಣೆಯನ್ನೇ ಮತ್ತೆ ತೆರೆದ.

ಲಕ್ಷ್ಮೀಶ ಬಹಳ ಹೊತ್ತು ಸೂರು ನೋಡಿದರು. "ಎರಡು ಕೋಣೆಗೂ ಒಂದೇ ಥರ ಹೊಡೆದಿದೆಯಲ್ಲ?"

ನಟರಾಜ ಬೋರಲಿದ್ದ ಕುರ್ಚಿಯನ್ನು ನೆಟ್ಟಗೆ ಮಾಡಿ ಮತ್ತೆ ಬೋರಲು ಹಾಕಿದ. "ಹೌದು ಸರ್," ಎಂದ.

"ಒಂದೇ ಮೇಸ್ತ್ರಿ ಕೈಯಲ್ಲಿ ಕಟ್ಟಿಸಿದ್ದಲ್ವಾ? ಒಂದೇ ಥರ ಹೋಗಿದೆ," ಎಂದು ತಿಮ್ಮಯ್ಯ ಬಾಯಿ ಹಾಕಿದರು. ಸರ್ವೇಯರ್ ತಲೆಯಾಡಿಸಿ ಮತ್ತೆ ಬಡಿಯತೊಡಗಿದರು. ಟಕ್ ಟಕ್.

ಅದೇ ಹೊತ್ತಿಗೆ ಗೋಡೆಯಾಚೆಯ ಬಾಲ್ಕನಿಯಲ್ಲಿ ಹೆಜ್ಜೆಯ ಸದ್ದಾಯಿತು. ಸುರುಳಿ ಮೆಟ್ಟಿಲು ಹತ್ತಿದ ಮೇಡಂ ಮೂಡಣ ಕೋಣೆಗೆ ಹಿಂದಿನ ಬಾಗಿಲಿಂದ ಬಂದಿದ್ದರು. ಆಶಾರಾಣಿ ಯಾಕೋ ಜೋರಾಗಿ ಕೆಮ್ಮಿದಳು. ಅದು ಕೆಮ್ಮಲ್ಲ, ಮೊರೆ ಎಂದು ನಟರಾಜನಿಗೆ ತಿಳಿಯಿತು. ಹಿಂದಿನ ಬಾಗಿಲಿಂದ ನುಸುಳಿ ಓಡಿದ.

ಮೇಡಂ ಕಿಟಕಿಯ ಕಟ್ಟೆಯನ್ನೇ ದಿಟ್ಟಿಸುತ್ತ ನಿಂತಿದ್ದರು. ಅವರ ತಂಪು ಕನ್ನಡಕ ಅಲ್ಲೇ ಇತ್ತು. ಚಲುವಮ್ಮ ಎಲ್ಲವನ್ನೂ ಬದಲಿಸಿ ಅದೊಂದನ್ನು ಬಿಟ್ಟಿದ್ದಳು.

"ನನ್ನ ಕನ್ನಡಕ ಆ ಕೋಣೇಲಿ ಇಟ್ಟಿದ್ದೆನಲ್ಲ?"

"ನೀವು ಮರೆತು ಬಂದ್ರಿ. ನಾನೇ ತಂದಿಟ್ಟೆ ಮೇಡಂ," ಎಂದ ನಟರಾಜ. ತನ್ನ ಬಾಯಿಂದ ಇಷ್ಟು ಸಲೀಸಾಗಿ ಸುಳ್ಳು ಬಂದದ್ದು ಕೇಳಿ ಅವನೇ ಬೆಚ್ಚಿದ.

"ಎಂಥ ಆತಿಥ್ಯ ಕಣ್ರೀ ನಿಮ್ಮದು!" ಮೇಡಂ ಕರಗಿಹೋದರು. ಆಮೇಲೆ ಗೋಡೆಯ ಚಿತ್ರದ ಕಡೆ ತಿರುಗಿದರು. ಚಲುವಮ್ಮ ಅದನ್ನು ತಲೆಕೆಳಗಾಗಿ ಹಾಕಿದ್ದಳು. ಕೆರೆ ಮೇಲಿತ್ತು, ಆಕಾಶ ಕೆಳಗಿತ್ತು. "ಇದು ಮಾಡರ್ನ್ ಆರ್ಟಾ?"

"ಹೌದು ಮೇಡಂ."

ಟಕ್ ಟಕ್ ಟಕ್. ಗೋಡೆಯಾಚೆಯಿಂದ ಸದ್ದು ಬಂತು. ಆಶಾರಾಣಿ ಕಣ್ಣು ಮುಚ್ಚಿಕೊಂಡಳು.

"ಏನದು?"

"ಮರಕುಟಿಗ," ಎಂದ ನಟರಾಜ. "ಹಲಸಿನ ಮರದಲ್ಲಿ ಗೂಡು ಕಟ್ಟಿದೆ."

"ಪಕ್ಷಿ ವೀಕ್ಷಣೇನೂ ಇದೆ!" ಮೇಡಂ ಅದನ್ನೂ ಬರೆದುಕೊಂಡರು. "ಎರಡೂ ಕೋಣೆಗೂ ಕೆರೆ ಕಾಣೋ ಹಾಗೆ ಕಟ್ಟಿಸಿದೀರಲ್ಲ, ಅದು ದೊಡ್ಡ ವಿಷಯ."

ಸರ್ವೇಯರ್ ಮೊದಲು ಹೊರಟರು. ನಟರಾಜ ವರಾಂಡಕ್ಕೆ ಓಡಿಬಂದು ಅವರನ್ನು ಬೀಳ್ಕೊಟ್ಟ. "ಎರಡೂ ಕೋಣೆ ಹೋಗಿದೆ. ರಿಪೋರ್ಟ್ ಈಗಲೇ ಫೋನಿಂದ ಕಳಿಸಿಬಿಟ್ಟೆ," ಎಂದರು ಅವರು. ಹತ್ತು ನಿಮಿಷಕ್ಕೆ ಮೇಡಂ ಕೂಡ ಅದೇ ಧಾಟಿಯಲ್ಲಿ ಹೇಳಿದರು: "ಎರಡೂ ಕೋಣೆ ಬಹಳ ಚೆನ್ನಾಗಿದೆ. ರಿಪೋರ್ಟ್ ಇಲ್ಲಿಂದಲೇ ಕಳಿಸಿದೆ."

ಆಶಾರಾಣಿಯ ಕಣ್ಣಲ್ಲಿ ನೀರು ಬಂತು. ತಿಮ್ಮಯ್ಯ ಮೀಸೆ ನೇವರಿಸಿಕೊಂಡರು. ನಟರಾಜನಿಗೆ ಕುಣಿಯಬೇಕೆನಿಸಿತು. ಮೇಡಂ ಬೇಡಬೇಡವೆಂದರೂ ಕೇಳದೆ ನಾಲ್ಕು ಎಳನೀರು ಹೊತ್ತುಕೊಂಡು ಅವರ ಹಿಂದೆಯೇ ಹೊರಟ.

"ಆಟೋ ಹಿಡೀಲಾ ಮೇಡಂ?"

"ಬೇಡ. ಆ ತಿರುವಿನಲ್ಲಿ ಹೊಂಗೆಮರದ ಕೆಳಗೆ ನಮ್ಮ ಕಾರಿದೆಯಂತೆ, ಈಗ ಮೆಸೇಜು ಬಂತು."

ತಿರುವಿನಲ್ಲಿ ಬಿಳೀ ಕಾರು ನಿಂತಿತ್ತು. ಒಳಗೆ ಸ್ಟಿಯರಿಂಗ್ ಮುಂದೆ ಕೂತವರು ಪೊಟ್ಟಣದಿಂದ ಚುರುಮುರಿ ತಿನ್ನುತ್ತಿದ್ದರು. ತಲೆಯ ಮೇಲೆ ಟೋಪಿ ಇತ್ತು.

"ಎಷ್ಟೊತ್ತೇ ಅಕ್ಷತಾ? ಬೇಗ ಬಾ," ಎಂದರು ಸರ್ವೇಯರ್ ಲಕ್ಷ್ಮೀಶ.

ನಟರಾಜನ ಕೈಯಿಂದ ಒಂದು ಎಳನೀರು ಬಿದ್ದು ಚರಂಡಿಗೆ ಉರುಳಿತು.

"ಇವರು ನಮ್ಮ ಯಜಮಾನ್ರು," ಎಂದರು ಮೇಡಂ ನಗುತ್ತ. "ಅವರಿಗೂ ಇವತ್ತು ಹಳೇಬೀಡಲ್ಲೇ ಕೆಲಸ ಇತ್ತು. ಬಸದಿ ಹತ್ತಿರದ ಒಂದು ಮನೆಗೆ ನನ್ನನ್ನ ಬಿಟ್ಟು, ಅವರ ಪಾಡಿಗೆ ಅವರು ಹೋದ್ರು. ರೀ, ಇವರು ನಟರಾಜ್ ಮೇಷ್ಟ್ರು."

"ಗೊತ್ತಲ್ಲ. ಈಗ ಅವರ ಮನೆಯಿಂದಲೇ ಬಂದೆ." ಲಕ್ಷ್ಮೀಶರ ಮುಖದಲ್ಲಿ ಆ ದಿನದ ಮೊದಲ ಮರುಕ ಕಾಣಿಸಿತು. "ಪಾಪ, ಎರಡೂ ಕೋಣೆ ನೆಲ ಕಚ್ಚಿದೆ."

"ಎರಡೂ ಕೋಣೆ ಥಳಥಳ ಅಂತಿದೆ!"

"ಸೂರೇ ಇಲ್ಲ ಕಣೇ."

"ಮರಕುಟಿಗದ ಗೂಡೂ ಇದೆ ಕಣ್ರೀ!"

ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿದರು. ತಮ್ಮ ತಮ್ಮ ಫೋನು ತೆಗೆದು ಪಕ್ಕಪಕ್ಕ ಹಿಡಿದರು. ನೀಲಿ ಮಂಚ, ಕೆಂಪು ಮಂಚ, ಕೆರೆ, ಮತ್ತೆ ಅದೇ ಕೆರೆ. ಒಡೆದ ಸೂರು, ಮತ್ತೆ ಅದೇ ಒಡೆದ ಸೂರು.

"ಮೇಷ್ಟ್ರೇ, ನಿಮ್ಮ ಮನೇಲಿ ಒಟ್ಟು ನಾಲ್ಕು ಕೋಣೆ ಇದೆಯಾ?" ಎಂದು ಕೇಳಿದರು ಲಕ್ಷ್ಮೀಶ, ನಿಧಾನವಾಗಿ.

"ಹೌ..." ಎಂದ ನಟರಾಜ. ಉಳಿದ ಅಕ್ಷರವನ್ನು ನುಂಗಿಕೊಂಡ. "ಎರಡು ಸರ್. ಒಂದು ಹಾಳು. ಒಂದು ಚೆನ್ನಾಗಿದೆ."

"ಒಂದೇ ಕೋಣೇನ ನಿಮಗೆ ಎರಡು ಸಲ ತೋರಿಸಿದಾರೆ, ನಿಮಗೆ ಗೊತ್ತಾಗ್ಲಿಲ್ವಾ?" ಎಂದರು ಮೇಡಂ ಗಂಡನಿಗೆ.

"ನಿನಗೆ ಗೊತ್ತಾಯ್ತಾ?" ಎಂದರು ಅವರು.

ಇಬ್ಬರೂ ಒಟ್ಟಿಗೆ ನಟರಾಜನ ಕಡೆ ತಿರುಗಿದರು. ಅವನಿಗೆ ಮತ್ತೊಮ್ಮೆ ಆಲಿಕಲ್ಲು ಬಿದ್ದರೆ ಇದಕ್ಕಿಂತ ಮೇಲು ಎನಿಸಿತು.

"ಒಂದು ಕೋಣೆ ಹೋಗಿದೆ ಅಂತ ನಿಜ ಹೇಳಿದ್ದಿದ್ರೆ ಇವತ್ತೇ ನಷ್ಟ ಬರೆದು ಪಾಸ್ ಮಾಡ್ತಿದ್ದೆ," ಎಂದರು ಲಕ್ಷ್ಮೀಶ. "ಪಾಲಿಸೀಲಿ ಆಲಿಕಲ್ಲಿಗೆ ಕೊಡ್ತೀವಿ. ಸುಳ್ಳಿಗೆ ಕೊಡಲ್ಲ. ಸುಳ್ಳು ಸೇರಿತು ಅಂದ್ರೆ ನಿಜವಾಗಿ ಹೋಗಿರೋ ಕೋಣೆಗೂ ಇಲ್ಲ."

"ಒಂದು ಕೋಣೆ ಚೆನ್ನಾಗಿದೆ ಅಂದಿದ್ರೆ ನಾನೂ ಇವತ್ತೇ ಒಪ್ಪಿಗೆ ಬರೀತಿದ್ದೆ," ಎಂದರು ಮೇಡಂ. ಅವರ ದನಿಯಲ್ಲಿ ಕೋಪಕ್ಕಿಂತ ನೋವು ಹೆಚ್ಚಿತ್ತು. "ಇನ್ನೊಂದನ್ನ ರಿಪೇರಿ ಆದ ಮೇಲೆ ನೋಡ್ತೀನಿ ಅಂತ ಷರಾ ಹಾಕಿದ್ರೆ ಮುಗೀತಿತ್ತು. ಈಗ ಇಬ್ಬರೂ ಕಳಿಸಿದ ರಿಪೋರ್ಟು ವಾಪಸ್ ತಗೋಬೇಕು. ನೀವು ಮಳೆಗಾಲ ಕಳೆದ ಮೇಲೆ ಹೊಸದಾಗಿ ಅರ್ಜಿ ಹಾಕಿ."

ಕಾರು ಹೊರಟಿತು. ಹತ್ತು ಮಾರು ಹೋಗಿ ನಿಂತು, ಹಿಂದಕ್ಕೆ ಬಂತು. ಮೇಡಂ ಕಿಟಕಿಯಿಂದ ಕೈ ಚಾಚಿ, "ಕೇಸರಿಬಾತು ಮಾತ್ರ ನಿಜವಾಗ್ಲೂ ಚೆನ್ನಾಗಿತ್ತು ಅಂತ ಅವರಿಗೆ ಹೇಳಿ," ಎಂದು ಹೋದರು. ಆ ಒಂದು ಒಳ್ಳೆಯ ಮಾತು ನಟರಾಜನಿಗೆ ಉಳಿದದ್ದೆಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಮೂರು ಎಳನೀರು ಎದೆಗವಚಿಕೊಂಡು ಮನೆಗೆ ಬಂದ. ಆಶಾರಾಣಿ, ತಿಮ್ಮಯ್ಯ, ಚಲುವಮ್ಮ ಮೂವರೂ ಮೆಟ್ಟಿಲ ಮೇಲೆ ಕೂತು ಉಳಿದ ಕೇಸರಿಬಾತು ಹಂಚಿಕೊಳ್ಳುತ್ತಿದ್ದರು. ಅವನು ನಿಂತಲ್ಲೇ ಎಲ್ಲವನ್ನೂ ಹೇಳಿದ. ಹೇಳಿ ಮುಗಿಸುವ ಹೊತ್ತಿಗೆ ಆಶಾರಾಣಿಯ ಮುಖ ಸುಣ್ಣ ಬಳಿದ ಗೋಡೆಯಾಗಿತ್ತು.

"ಗಂಡ ಹೆಂಡ್ತೀನಾ?" ಎಂದಳು.

"ಹೌದು."

"ಒಂದೇ ಕಾರಲ್ಲಾ?"

"ಹೌದು."

"ಹಂಗಾರೆ ನಮ್ ಕೊಟ್ಟಿಗೆ ಹೆಂಚು ವಾಪಸ್ ತಗೊಂಡೋಗ್ಲಾ?" ಎಂದಳು ಚಲುವಮ್ಮ.

ತಿಮ್ಮಯ್ಯನವರು ಮಾತ್ರ ಎದೆಗುಂದಲಿಲ್ಲ. ಬೆರಳು ನೆಕ್ಕಿ, ಗಂಟಲು ಸರಿಮಾಡಿಕೊಂಡು, ದನಿ ತಗ್ಗಿಸಿದರು. "ಯೋಚನೆ ಮಾಡ್ಬೇಡಿ. ಎರಡು ಕಡೆಗೂ ಮೇಲ್ಮನವಿ ಹಾಕೋಣ. ಈ ಸಲ ನೋಡೋಕೆ ಬೇರೆಯವರನ್ನ ಕಳಿಸ್ತಾರೆ. ಅವರಿಬ್ಬರಿಗೆ ಮದುವೆ ಆಗಿದೆಯಾ ಇಲ್ವಾ ಅಂತ ಮೊದಲೇ ವಿಚಾರಿಸಿಬಿಟ್ರೆ ಆಯ್ತು."

ನಟರಾಜ ತಲೆಯೆತ್ತಿದ. ಅವನ ಮುಖದ ಮೇಲೆ, ಆ ಮಾತೂ ಸರಿಯೇ ಎಂಬ ಕಳೆ ಮೆಲ್ಲನೆ ಮೂಡುವುದನ್ನು ಆಶಾರಾಣಿ ಕಂಡಳು. ಅವನ ಬಾಯಿ ಅರ್ಧ ತೆರೆಯಿತು. ಪೂರ್ತಿ ತೆರೆಯುವ ಮೊದಲೇ ಅವಳು ತಟ್ಟೆಯಲ್ಲಿ ಉಳಿದಿದ್ದ ಕೇಸರಿಬಾತನ್ನೆಲ್ಲ ಬಳಿದು ಅದರೊಳಗೆ ತುರುಕಿದಳು.